ರಾಯಚೂರು ಸುಟ್ಟ ಹತ್ತಿಯನ್ನೇ ರಾಯಚೂರು ಬಿತ್ತಿದ್ದು ಹೇಗೆ?

(ದೃಶ್ಯ: ರಾಯಚೂರಿನ ಹತ್ತಿ ಮಾರುಕಟ್ಟೆ, ಅಂಡಿಗೆಗಳ ಸಾಲು)

ನಮಸ್ಕಾರ. 1998ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘವು ಪ್ರಯೋಗಕ್ಕೆಂದು ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. 2002ರಲ್ಲಿ ಕೇಂದ್ರ ಅನುಮತಿ ಕೊಟ್ಟಿತು. ಇಂದು ಇಲ್ಲಿಗೆ ಬರುವ ಹತ್ತಿಯಲ್ಲಿ ಬಹುಪಾಲು ಬಿಟಿಯೇ. ನಡುವೆ ಜನರ ಮನಸ್ಸಿನಲ್ಲಿ ಏನಾಯಿತು?

ಮೊದಲು ಬಿಟಿ ಎಂದರೇನು, ಬೇಗ ಹೇಳಿಬಿಡುತ್ತೇನೆ. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಹತ್ತಿಗೆ ಸೇರಿದೆ. ಅದರಿಂದ ಗಿಡದಲ್ಲೇ ತಯಾರಾಗುವ ಪ್ರೋಟೀನ್ ಕಾಯಿಕೊರಕವನ್ನು ಕೊಲ್ಲುತ್ತದೆ. ಇಷ್ಟು ಸಾಕು.

(ದೃಶ್ಯ: ಅಂಗೈಯಲ್ಲಿ ಹತ್ತಿ ಬೀಜ)

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು. ಅದೇ 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ‘ಟರ್ಮಿನೇಟರ್’ ತಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಬೆಳೆದ ಬೀಜ ಮತ್ತೆ ಮೊಳೆಯದಂತೆ ಮಾಡುವ ತಂತ್ರ. ಸುದ್ದಿ ಹೊಲಕ್ಕೆ ಬರುವ ಹೊತ್ತಿಗೆ ಜನರ ಮನಸ್ಸಿನಲ್ಲಿ ಬಿಟಿ, ಟರ್ಮಿನೇಟರ್ ಎರಡೂ ಬೀಜ ಒಂದೇ ಆಗಿಬಿಟ್ಟಿದ್ದವು. ರಾಯಚೂರಿನಲ್ಲಿ ಸುಟ್ಟದ್ದು ಟರ್ಮಿನೇಟರ್ ಅಲ್ಲ. ಅದು ಇಂದಿಗೂ ಯಾವ ಮಾರುಕಟ್ಟೆಗೂ ಬಂದಿಲ್ಲ. ‘ಜನರಿಗೆ ತಿಳಿವಳಿಕೆ ಇಲ್ಲ’ ಎಂದು ಷರಾ ಬರೆದು ಎಷ್ಟೋ ಪಂಡಿತರು ಇಲ್ಲಿಗೇ ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಬಿಟಿ ಹತ್ತಿ ನಮ್ಮಲ್ಲಿಗೆ ಹೈಬ್ರಿಡ್ ಆಗಿಯೇ ಬಂತು. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬಾರದು. ಪ್ರತಿವರ್ಷ ಅಂಗಡಿಗೆ ಹೋಗಲೇಬೇಕು. ರೈತರು ಹೆದರಿದ್ದು ಇದಕ್ಕೇ ಅಲ್ಲವೇ?

ಇನ್ನೂ ಒಂದು ಸ್ವಾರಸ್ಯವಿದೆ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯೂ ಹೈಬ್ರಿಡ್ಡೇ! ಅದಕ್ಕೂ ವರ್ಷವರ್ಷ ಹೊಸ ಬೀಜ ಬೇಕಿತ್ತು. ಆದರೆ ವರಲಕ್ಷ್ಮಿಯನ್ನು ತಂದವರು ನಮ್ಮದೇ ಸರ್ಕಾರಿ ವಿಜ್ಞಾನಿಗಳು. ಬಿಟಿಯ ಹಿಂದೆ ಇದ್ದದ್ದು ವಿದೇಶಿ ಕಂಪನಿ. ಬೀಜದ ಲಗಾಮು ಯಾರ ಕೈಯಲ್ಲಿ ಎಂದು ಜನ ಮೊದಲು ನೋಡುತ್ತಾರೆ, ಜೀನಿನ ವಿಚಾರ ಆಮೇಲೆ. ಇದು ಪೂರ್ಣ ವಿವೇಕದ ಪ್ರಶ್ನೆ ಎಂದೇ ನನ್ನ ನಂಬಿಕೆ.

ಮುಂದೆ ಬಿಟಿ ಬಿತ್ತಿದ ಪಕ್ಕದ ಹೊಲದಲ್ಲಿ ಔಷಧಿ ಸಿಂಪಡಣೆ ಕಡಿಮೆಯಾದದ್ದು ಕಣ್ಣಿಗೆ ಬಿತ್ತು. ಯಾವ ಭಾಷಣವೂ ಮಾಡದ ಕೆಲಸವನ್ನು ಅದು ಮಾಡಿತು. ಕ್ರಮೇಣ ಅಂಗಡಿಗಳಲ್ಲಿ ಬಿಟಿಯಲ್ಲದ ಹೈಬ್ರಿಡ್ ಸಿಗುವುದೇ ಕಷ್ಟವಾಯಿತು. ಆದ್ದರಿಂದ ಬಿತ್ತಿದವರನ್ನೆಲ್ಲ ಒಪ್ಪಿದವರ ಲೆಕ್ಕಕ್ಕೆ ಸೇರಿಸಬೇಡಿ.

ಸಮಯ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ: ಹತ್ತಿಯನ್ನು ಬಿಟ್ಟುಕೊಂಡ ದೇಶ 2010ರಲ್ಲಿ ಬಿಟಿ ಬದನೆಯನ್ನು ತಡೆಹಿಡಿಯಿತು, ಅದು ತಟ್ಟೆಗೆ ಬರುವ ಪದಾರ್ಥ. ಗುಲಾಬಿ ಕಾಯಿಕೊರಕ ಬಿಟಿಯನ್ನೂ ಅರಗಿಸಿಕೊಂಡಾಗ ಸಿಂಪಡಣೆ ಮರಳಿತು, ನಂಬಿಕೆಯೂ ಅಲುಗಾಡಿತು. ಈಗ ಕಳೆನಾಶಕ ತಡೆದುಕೊಳ್ಳುವ ಹತ್ತಿ ಬೀಜ ಅನುಮತಿಯಿಲ್ಲದೆಯೇ ದೇಶದ ಹಲವೆಡೆ ಮಾರಾಟವಾಗುತ್ತಿದೆ. ಅದರ ವಿಚಾರವನ್ನು ನೀವು ಮೊದಲು ಯಾರ ಬಾಯಿಂದ ಕೇಳಿದಿರಿ, ಬರೆದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಅದನ್ನೇ ಎತ್ತಿಕೊಳ್ಳುತ್ತೇನೆ.