ತುಕ್ಕು ಹಿಡಿದದ್ದು ತಗೊಳ್ಳಿ, ಫಳಫಳ ಹೊಳೆಯೋ ಹೆಲ್ಮೆಟ್ ಬಿಡಿ: ಗ್ಯಾರೇಜ್ ಸೇಲ್ ಲೆಕ್ಕಾಚಾರ

[ಪರದೆ ಮೇಲೆ: ಬಿಳಿ ಬಟ್ಟಲಿನ ಚಿತ್ರ]

ಈ ಬಟ್ಟಲು ನೋಡಿ. 2007ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಮನೆ ಮುಂದಿನ ಸೇಲ್‌ನಲ್ಲಿ 3 ಡಾಲರ್ ಕೊಟ್ಟು ಇದನ್ನು ತಂದಿತು. ಕೆಲವು ವರ್ಷ ಹಾಲ್‌ನಲ್ಲಿ ಸುಮ್ನೆ ಶೋಗೆ ಇಟ್ಟಿತ್ತು. 2013ರಲ್ಲಿ ಸೋದಬೀಸ್ ಹರಾಜಿನಲ್ಲಿ ಇದು ಹೋಗಿದ್ದು ಎಷ್ಟಕ್ಕೆ ಗೊತ್ತಾ? 22 ಲಕ್ಷ ಡಾಲರ್‌ಗೂ ಜಾಸ್ತಿ! ಅದು ಚೀನಾದ ಸಾಂಗ್ ಕಾಲದ ಬಟ್ಟಲು, ಸುಮಾರು 1,000 ವರ್ಷ ಹಳೆಯದು.

ಇಂಥದ್ದು ನಿಮಗೂ ಸಿಗುತ್ತಾ? ಇಲ್ಲ. ಮುಂದಿನ ಪ್ರಶ್ನೆ.

ನಿಜವಾಗಲೂ ಕೇಳಬೇಕಾದ ಪ್ರಶ್ನೆಯನ್ನು ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಇನ್ನೊಬ್ಬರು ಬೇಡ ಅಂತ ಹೊರಗಿಟ್ಟ ಸಾಮಾನಿನಲ್ಲಿ ಕೆಲಸಕ್ಕೆ ಬರೋದು ಯಾವುದು, ತಲೆನೋವು ಯಾವುದು ಅಂತ ಅಲ್ಲೇ ನಿಂತು ಕಂಡುಹಿಡಿಯೋದು ಹೇಗೆ?"

ಗ್ಯಾರೇಜ್ ಸೇಲ್ ಅಂದರೆ ಗೊತ್ತಲ್ಲ, ಮನೆಯವರು ಬೇಡದ ಸಾಮಾನನ್ನೆಲ್ಲ ಮನೆ ಮುಂದೆ ಹರಡಿ ಮಾರುವುದು. ಬಿಲ್ ಇಲ್ಲ, ವಾರಂಟಿ ಇಲ್ಲ, ವಾಪಸ್ ಕೊಡುವ ಮಾತೇ ಇಲ್ಲ. ಇದು ಸಣ್ಣ ಹುಚ್ಚು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಮಿಷಿಗನ್‌ನಿಂದ ಅಲಬಾಮಾವರೆಗೆ ಆರು ರಾಜ್ಯ ದಾಟಿ, ಸುಮಾರು 1,100 ಕಿಲೋಮೀಟರ್ ಉದ್ದಕ್ಕೂ ರಸ್ತೆ ಪಕ್ಕದಲ್ಲೇ ನಡೆಯುವ ಸೇಲ್ ಒಂದಿದೆ. ಶುರುವಾಗಿದ್ದು 1987ರಲ್ಲಿ, ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತದೆ.

ಇನ್ನು ಉತ್ತರಕ್ಕೆ ಬರೋಣ. ಎಲ್ಲರೂ ಮೊದಲು ಬೆಲೆಯ ಚೀಟಿ ನೋಡುತ್ತಾರೆ. ನಾನು ಮೊದಲು ನೋಡುವುದು ಬೇರೆ: ಈ ವಸ್ತು ಕೆಟ್ಟರೆ, ಕೆಟ್ಟಿದ್ದು ಕಣ್ಣಿಗೆ ಕಾಣುತ್ತದಾ? ಕಾಣುವ ಹಾಗಿದ್ದರೆ ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ಕೆಟ್ಟಿದ್ದು ಒಳಗೇ ಅಡಗಿ ಕೂರುವಂಥ ವಸ್ತು ಆದರೆ, ಪುಕ್ಕಟೆ ಕೊಟ್ಟರೂ ಬೇಡ.

[ಪರದೆ ಮೇಲೆ: ತುಕ್ಕು ಹಿಡಿದ ಬಾಣಲೆ]

ಈಗ ನನ್ನ ಪ್ರೀತಿಯ ವಿಷಯ. ಬೀಡುಕಬ್ಬಿಣದ ಬಾಣಲೆ. ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಸೇಲ್‌ನಲ್ಲಿ ಇದು ಟೇಬಲ್ ಮೇಲೂ ಇರುವುದಿಲ್ಲ, ಕೆಳಗೆ ಯಾವುದೋ ರಟ್ಟಿನ ಡಬ್ಬದಲ್ಲಿ ಬಿದ್ದಿರುತ್ತದೆ. ಮೈಯೆಲ್ಲ ಕೆಂಪು ತುಕ್ಕು. ನೋಡಿದವರು ಮೂಗು ಮುರಿದು ಮುಂದೆ ಹೋಗುತ್ತಾರೆ. ಒಳ್ಳೆಯದೇ ಆಯಿತು, ಹೋಗಲಿ! ಆ ತುಕ್ಕು ಹೆಚ್ಚಿನ ಸಲ ಮೇಲ್ಮೈಯಲ್ಲೇ ಇರುತ್ತದೆ. ವಿನೆಗರ್ ಎಷ್ಟೋ ನೀರು ಅಷ್ಟೇ ಬೆರೆಸಿ, ಅದರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಆಗಾಗ ತೆಗೆದು ನೋಡುತ್ತಿರಿ, ರಾತ್ರಿಯಿಡೀ ಮರೆತುಬಿಟ್ಟರೆ ಆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಆಮೇಲೆ ಸ್ಟೀಲ್ ನಾರಿನಿಂದ ಗಸಗಸ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ.

ಈಗ ಎಣ್ಣೆ ಸವರಬೇಕು. ಸವರಿದ್ದನ್ನು ಎಣ್ಣೆಯೇ ಹಾಕಿಲ್ಲವೇನೋ ಅನ್ನುವಷ್ಟು ಒರೆಸಿಬಿಡಬೇಕು. ಓವನ್‌ನಲ್ಲಿ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟರೆ, ಆ ತೆಳು ಎಣ್ಣೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಅದು ಆಮೇಲೆ ಎಣ್ಣೆ ಅಲ್ಲ, ಪ್ಲಾಸ್ಟಿಕ್‌ಗೆ ಹತ್ತಿರದ ಪಾಲಿಮರ್. ಹೀಗೆ ಎರಡು ಮೂರು ಸಲ ಮಾಡಿದರೆ ಕಪ್ಪು ಹೊಳಪು ಬರುತ್ತದೆ. ನಾನ್‌ಸ್ಟಿಕ್ ಪಾತ್ರೆಯ ಲೇಪ ಒಮ್ಮೆ ಎದ್ದರೆ ಕಥೆ ಮುಗಿಯಿತು. ಇದರ ಲೇಪ ಹೋದರೆ ಮತ್ತೆ ಮನೆಯಲ್ಲೇ ಹಾಕಿಕೊಳ್ಳಬಹುದು. ಅದಕ್ಕೇ ನಾನು ಇದರ ಭಕ್ತ.

ಆದರೆ ತುಕ್ಕಿಗೆ ಮಾಫಿ, ಬಿರುಕಿಗೆ ಇಲ್ಲ. ಬಾಣಲೆಯನ್ನು ಹಿಡಿಯಿಂದ ತೂಗುಬಿಟ್ಟು ಬೆರಳ ಗಂಟಿನಿಂದ ತಟ್ಟಿ ನೋಡಿ. ಣಂಯ್ ಅಂತ ನಾದ ಬಂದರೆ ಗಟ್ಟಿ. ಡಬ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಕೂದಲೆಳೆ ಬಿರುಕಿರಬಹುದು, ಬೆಳಕಿಗೆ ಹಿಡಿದು ಅಂಚು ಹುಡುಕಿ. ಆಮೇಲೆ ಸಮತಟ್ಟಾದ ಟೇಬಲ್ ಮೇಲಿಟ್ಟು ಮೆಲ್ಲಗೆ ತಿರುಗಿಸಿ. ಬುಗುರಿ ಹಾಗೆ ಗಿರಗಿರ ಸುತ್ತಿದರೆ ತಳ ಉಬ್ಬಿದೆ, ಇಂಡಕ್ಷನ್ ಒಲೆ ಮೇಲೆ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ವಿಷಯ, ಇದು ಗೊತ್ತಾದಾಗ ನಾನೇ ಬೆಚ್ಚಿಬಿದ್ದೆ. ಹಿಂದೆ ಕೆಲವರು ಇಂಥ ಪಾತ್ರೆಗಳಲ್ಲೇ ಸೀಸ ಕರಗಿಸುತ್ತಿದ್ದರು. ಬಂದೂಕಿನ ಗುಂಡು, ಮೀನಿನ ಗಾಳದ ತೂಕ ಎರಕ ಹೊಯ್ಯಲು. ಸೀಸ ಎಂಥ ವಿಷ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಮಾರುವವರನ್ನು ನೇರವಾಗಿ ಕೇಳಿ: "ಇದರಲ್ಲಿ ಅಡುಗೆ ಮಾಡುತ್ತಿದ್ದದ್ದು ಯಾರು?" ಅಜ್ಜಿ ಅಂದರೆ ಕೊಳ್ಳಿ. "ಗೊತ್ತಿಲ್ಲ, ತಾತನ ಶೆಡ್‌ನಲ್ಲಿ ಸಿಕ್ಕಿತು" ಅಂದರೆ ನಮಸ್ಕಾರ ಹಾಕಿ ಬನ್ನಿ.

[ಪರದೆ ಮೇಲೆ: ಡ್ರಾಯರ್]

ಇದೇ ಲೆಕ್ಕ ಉಳಿದ ಸಾಮಾನಿಗೂ ಹಾಕಿ. ಸುತ್ತಿಗೆ, ಇಕ್ಕಳ, ಉಳಿ, ಸ್ಪ್ಯಾನರ್, ಇವುಗಳ ತುಕ್ಕೂ ಉಜ್ಜಿದರೆ ಹೋಗುತ್ತದೆ. ಮರದ ಬೀರು ಆದರೆ ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆ ನೋಡಿ. ಹಲಗೆಗಳನ್ನು ಹಲ್ಲುಹಲ್ಲಾಗಿ ಕೊರೆದು ಒಂದರೊಳಗೊಂದು ಕೂರಿಸಿದ್ದರೆ ಬಡಗಿ ಮನಸ್ಸಿಟ್ಟು ಮಾಡಿದ್ದಾನೆ ಅಂತ ಅರ್ಥ. ಗೀರು ಬಿದ್ದಿದ್ದರೆ ಮರಳು ಕಾಗದ ಇದೆಯಲ್ಲ. ಅದೇ ಮರದ ಪುಡಿ ಒತ್ತಿ ಮಾಡಿದ ಬೋರ್ಡ್, ನೀರು ಕುಡಿದು ಅಂಚು ಊದಿಕೊಂಡಿದ್ದರೆ ದೇವರೇ ಬಂದರೂ ಸರಿಹೋಗುವುದಿಲ್ಲ. ಹಿತ್ತಾಳೆ ಅಂತ ಹೇಳಿದರೆ ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣವೋ ಲೇಪವೋ.

ಈಗ ಬೇಡದ ಪಟ್ಟಿ. ಹೆಲ್ಮೆಟ್. ಹೊರಗಿನಿಂದ ಫಳಫಳ. ಒಳಗೆ ಥರ್ಮೋಕಾಲ್ ಥರದ ಫೋಮ್ ಇರುತ್ತದೆ. ಬಿದ್ದಾಗ ಅದು ಜಜ್ಜಿಹೋಗಿ ನಿಮ್ಮ ತಲೆಗೆ ಬರಬೇಕಾದ ಪೆಟ್ಟನ್ನು ತಾನು ತಿನ್ನುತ್ತದೆ. ಒಂದೇ ಸಲ. ಮತ್ತೆ ಮೊದಲಿನಂತಾಗುವುದಿಲ್ಲ. ಹಿಂದಿನ ಯಜಮಾನ ಬಿದ್ದಿದ್ದನೋ ಇಲ್ಲವೋ, ಚಿಪ್ಪು ನೋಡಿ ಹೇಳಲಾಗುವುದಿಲ್ಲ. ಮಕ್ಕಳ ಕಾರ್ ಸೀಟ್ ಕೂಡ ಹಾಗೇ. ಅಪಘಾತ ಕಂಡಿದೆಯಾ ಅನ್ನುವುದು ತಿಳಿಯುವುದಿಲ್ಲ, ಜೊತೆಗೆ ಅದಕ್ಕೆ ಮುಗಿಯುವ ದಿನಾಂಕವೂ ಇರುತ್ತದೆ. ಒಂದು ಪಕ್ಕ ಕೆಳಗಿಳಿಯುವ ಹಳೇ ಮಗುವಿನ ಮಂಚಗಳ ಮಾರಾಟವನ್ನು ಅಮೆರಿಕ 2011ರಲ್ಲಿ ನಿಲ್ಲಿಸಿತು, ಮಕ್ಕಳು ಸಂದಿಯಲ್ಲಿ ಸಿಕ್ಕಿಕೊಂಡು ಸಾಯುತ್ತಿದ್ದರು. ಬಣ್ಣ ಬಳಿದ ಹಳೇ ಆಟಿಕೆಗಳೂ ಬೇಡ. ಸೀಸದ ಬಣ್ಣಕ್ಕೆ ಅಲ್ಲಿ ಕಡಿವಾಣ ಬಿದ್ದಿದ್ದು 1978ರಲ್ಲಿ. ಹಾಸಿಗೆಯ ಹತ್ತಿರವಂತೂ ಸುಳಿಯಬೇಡಿ, ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಅಯ್ಯೋ, ಟೈಮ್ ಆಗಿಹೋಯಿತು. ಎಲ್ಲ ಬಾಣಲೆಯ ಮಹಿಮೆ! ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ.

ಕರೆಂಟಿನ ಸಾಮಾನನ್ನು ಅಲ್ಲೇ ಪ್ಲಗ್ ಹಾಕಿ ನೋಡಿ. ಬ್ಯಾಟರಿಯದಾದರೆ ಸೆಲ್ ನೀವೇ ಒಯ್ಯಿರಿ, ಸೆಲ್ ಕೂರುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಸೋರಿದೆ ಅಂತ ಅರ್ಥ. ಅಳತೆ ಟೇಪೂ ಇರಲಿ. ವ್ಯಾಯಾಮದ ಸೈಕಲ್ ಕಂಡರೆ ಖುಷಿಪಡಿ, ಅದರ ಮೇಲೆ ಬೆವರಿಗಿಂತ ಒಗೆದ ಬಟ್ಟೆಯೇ ಜಾಸ್ತಿ ಬಿದ್ದಿರುತ್ತದೆ. ಒಳ್ಳೆಯ ಸಾಮಾನು ಬೇಕಾ, ಶುರುವಾದ ಕೂಡಲೇ ಹೋಗಿ. ಕಮ್ಮಿ ಬೆಲೆ ಬೇಕಾ, ಕೊನೆ ಗಂಟೆಗೆ ಹೋಗಿ, ಉಳಿದದ್ದನ್ನು ಮತ್ತೆ ಒಳಗೆ ಹೊರುವ ಆಸೆ ಮಾರುವವರಿಗೂ ಇರುವುದಿಲ್ಲ. ಒಂದೊಂದಕ್ಕೂ ಚೌಕಾಸಿ ಮಾಡಿ ಅವರ ತಲೆ ತಿನ್ನುವ ಬದಲು ಬೇಕಾದ್ದನ್ನೆಲ್ಲ ಒಟ್ಟಿಗೆ ಇಟ್ಟು "ಇವಿಷ್ಟೂ ಸೇರಿ ಎಷ್ಟಕ್ಕೆ ಕೊಡುತ್ತೀರಿ?" ಅನ್ನಿ. ಚಿಲ್ಲರೆ ಕೈಯಲ್ಲಿರಲಿ. ದೊಡ್ಡ ನೋಟು ಹಿಡಿದುಕೊಂಡು ಚೌಕಾಸಿ ಮಾಡಿದರೆ ಯಾರು ನಂಬುತ್ತಾರೆ, ಅಲ್ವಾ?

ಹಳೇ ಹೊಲಿಗೆ ಯಂತ್ರ ಕೊಳ್ಳುವಾಗ ಏನು ನೋಡಬೇಕು ಅಂತ ಕೇಳಿದವರು ತುಂಬ ಜನ ಇದ್ದೀರಿ. ಅದಕ್ಕೆ ಬೇರೆಯೇ ವಿಡಿಯೋ ಬೇಕು, ಮುಂದಿನ ವಾರ ಮಾಡುತ್ತೇನೆ.