ಮರುದಿನ ಅಡಿಗೆಯವರು ಏನು ಮಾಡಿದರು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಮೈಕ್ ಕೇಳ್ತಾ ಇದೆಯಾ? ಆಯ್ತು.

ಮಾಂಸವಿಲ್ಲದ ಊಟದ ಚರಿತ್ರೆ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಾಗ ನಗು ಬಂತು. ನಾನು ಕಾರವಾರದವಳು. ಮೀನಿಲ್ಲದ ಊಟಕ್ಕೆ ನಮ್ಮ ಮನೆಯಲ್ಲಿ ಸೋಮವಾರ ಅಂತಲೇ ಹೆಸರು. ಕೊಂಕಣಿಯಲ್ಲಿ ಅದಕ್ಕೆ ಶಿವರಾಕ್ ಅನ್ನುತ್ತೇವೆ. ಸೋಮವಾರ ಶಿವರಾಕ್, ಶ್ರಾವಣದಲ್ಲಿ ಶಿವರಾಕ್, ಹಬ್ಬದಲ್ಲಿ ಶಿವರಾಕ್. ಉಳಿದ ದಿನ ಮೀನು. ಅಂಥವಳು ಮೂವತ್ತೈದು ವರ್ಷದ ಹಿಂದೆ ಟೀಚರ್ ಕೆಲಸ ಸಿಕ್ಕಿ, ದೇವಿಮನೆ ಘಾಟಿ ಹತ್ತಿ ಸಿರ್ಸಿಗೆ ಬಂದೆ. ಬಾಡಿಗೆ ಮನೆ ಹುಡುಕುವಾಗ ಎಲ್ಲ ಕಡೆ ಒಂದೇ ಪ್ರಶ್ನೆ: "ನೀವು ತಿನ್ನೋರಾ?"

ಗಮನಿಸಿ, ಏನನ್ನು ಅಂತ ಕೇಳುವುದಿಲ್ಲ. ತಿನ್ನೋರಾ, ಅಷ್ಟೇ. ನಾನು ಹೌದು ಅಂದೆ, ಮೂರು ಮನೆ ಕೈತಪ್ಪಿತು. ನಾಲ್ಕನೆಯ ಮನೆಯ ಅಮ್ಮ "ಇಲ್ಲಿ ಮಾಡಡ, ಹೊರಗೆ ಎಂತಾದ್ರೂ ಮಾಡ್ಕ್ಯ" ಅಂದು ಬೀಗದ ಕೈ ಕೊಟ್ಟರು. ಈ ಹೊತ್ತು ನಾನು ಹೇಳುವುದರಲ್ಲಿ ಅರ್ಧ ಅವರ ಅಡಿಗೆಮನೆಯಲ್ಲಿ ಕಲಿತದ್ದು.

ಈಗ ವಿಷಯಕ್ಕೆ ಬರೋಣ. ಸಸ್ಯಾಹಾರದ ಚರಿತ್ರೆ ಅಂದರೆ ಯಾರು ಯಾವಾಗ ಏನನ್ನು ಬಿಟ್ಟರು ಅಂತಲೇ ಬರೆಯುತ್ತಾರೆ. ಅಶೋಕನನ್ನೇ ನೋಡಿ. ಕ್ರಿಸ್ತಪೂರ್ವ 3ನೇ ಶತಮಾನ. ಗುಜರಾತಿನ ಗಿರ್ನಾರ್ ಬಂಡೆಯ ಮೇಲಿರುವ ಅವನ ಶಾಸನಗಳಲ್ಲಿ ಮೊದಲನೆಯದು ಅಡಿಗೆಮನೆಯದ್ದು. ಮೊದಲು ನನ್ನ ಅಡಿಗೆಮನೆಯಲ್ಲಿ ದಿನಾ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಮೂರೇ, ಎರಡು ನವಿಲು ಒಂದು ಜಿಂಕೆ, ಆ ಜಿಂಕೆಯೂ ದಿನಾ ಇಲ್ಲ, ಮುಂದೆ ಈ ಮೂರೂ ಇರುವುದಿಲ್ಲ ಅಂತ ಅದರ ಸಾರಾಂಶ. ದೊರೆ ಒಬ್ಬ ತನ್ನ ಅಡಿಗೆಮನೆಯ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿದ್ದು! ನವಿಲು ಯಾಕೆ ಉಳಿಯಿತೋ, ಬಹಳ ರುಚಿ ಇದ್ದಿರಬೇಕು.

ಆದರೆ ನನಗೆ ಯಾವಾಗಲೂ ಕಾಡುವುದು ಬೇರೆ. ಅಪ್ಪಣೆ ಆಯ್ತು. ಮರುದಿನ ಬೆಳಿಗ್ಗೆ ಆ ಅಡಿಗೆಯವರು ಒಲೆ ಮುಂದೆ ನಿಂತು ಏನು ಮಾಡಿದರು? ಅಷ್ಟು ಜನಕ್ಕೆ ಬಡಿಸಬೇಕಲ್ಲ. ಬಂಡೆಯ ಮೇಲೆ ಅದಿಲ್ಲ.

ಬಿಡುವುದು ದೊರೆಗೆ ಸುಲಭ ಕಣ್ರೀ. ಬಿಟ್ಟ ಜಾಗಕ್ಕೆ ಏನು ಹಾಕಬೇಕು ಅನ್ನುವುದು ಅಡಿಗೆ ಮಾಡುವವರ ತಲೆನೋವು. ಅದಕ್ಕೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಅಂತ ಗಾಂಧೀಜಿಯನ್ನು ಕೇಳಬೇಕು. 1888ರಲ್ಲಿ ಲಂಡನ್ನಿಗೆ ಹೋದರು. ಮಾಂಸ ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಅವರಿದ್ದ ಮನೆಯ ಹೆಂಗಸಿಗೆ ಈ ಹುಡುಗನಿಗೆ ಏನು ಬೇಯಿಸಿ ಹಾಕಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಓಟ್ಸ್ ಗಂಜಿ. ಉಳಿದ ಹೊತ್ತಿಗೆ ಬ್ರೆಡ್ಡು, ಜಾಮ್, ಬೇಯಿಸಿದ ಪಾಲಕ್. ಎರಡು ಮೂರು ತುಂಡಿಗಿಂತ ಜಾಸ್ತಿ ಬ್ರೆಡ್ ಕೇಳಲು ನಾಚಿಕೆ. ಹಸಿದುಕೊಂಡು ಊರೆಲ್ಲ ನಡೆದು ನಡೆದು ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಸಿಕ್ಕಿತು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ. ಅಲ್ಲೇ ಹೆನ್ರಿ ಸಾಲ್ಟ್ ಬರೆದ ಪುಸ್ತಕವೊಂದು ಮಾರಾಟಕ್ಕಿತ್ತು. ಅದನ್ನು ಕೊಂಡು ಓದಿ, ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಬಿಟ್ಟಿದ್ದ ಹುಡುಗ ತನ್ನ ಮನಸ್ಸಿನಿಂದಲೇ ಸಸ್ಯಾಹಾರಿ ಆದ. ಹೊಟ್ಟೆ ತುಂಬಿದ ಮೇಲೆ ಅಲ್ವಾ?

ಇಂಗ್ಲೆಂಡಿನಲ್ಲಿ ಆಗಲೇ ಸಸ್ಯಾಹಾರಿಗಳ ಸಂಘ ಇತ್ತು. 1847ರಲ್ಲಿ ರಾಮ್ಸ್‌ಗೇಟ್ ಅನ್ನುವ ಊರಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಯುರೋಪಿನಲ್ಲಿ ಇಂಥ ಊಟಕ್ಕೆ ಪೈಥಾಗೊರಸನ ಊಟ ಅಂತಿದ್ದರು. ಹೌದು, ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಅದೇ ತ್ರಿಕೋನದ ಪೈಥಾಗೊರಸ್. ಹಾಲೂ ಬೇಡ ಅನ್ನುವ ವೀಗನ್ ಶಬ್ದ ಬಂದದ್ದು 1944ರಲ್ಲಿ. ಇಲ್ಲಿ ಯಾರಾದರೂ ಹಾಗೆ ಹಾಲು ಬಿಟ್ಟಿದ್ದರೆ ಡಾಕ್ಟರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಿ. ಗಿಡದಿಂದ ಅದು ಸಿಗುವುದಿಲ್ಲ.

ಜಪಾನಿನಲ್ಲಿ ಉತ್ತರ ಬೇರೆ ಇತ್ತು. 675ರಲ್ಲಿ ಅಲ್ಲಿನ ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿ ತಿನ್ನಬಾರದು ಅಂತ ಅಪ್ಪಣೆ ಮಾಡಿದ. ಅದೂ ವರ್ಷದಲ್ಲಿ ಕೆಲವು ತಿಂಗಳಿಗೆ ಮಾತ್ರ. ಮೀನಿಗೆ ಅಡ್ಡಿ ಇರಲಿಲ್ಲ, ನಮ್ಮ ಕಾರವಾರದವರಿಗೆ ಒಪ್ಪುವ ಕಾನೂನು. ಆದರೆ ಬೌದ್ಧ ಮಠಗಳಲ್ಲಿ ಮೀನೂ ಇಲ್ಲ. ಆ ಮಠದ ಅಡಿಗೆಯವರು ಕೊಂಬು ಅನ್ನುವ ಸಮುದ್ರದ ಪಾಚಿ, ಒಣಗಿಸಿದ ಅಣಬೆ ನೆನೆಸಿ ಸಾರು ತೆಗೆದರು. ಆ ಪಾಚಿಯಲ್ಲಿ ಅಂಥ ರುಚಿ ಯಾಕೆ ಅಂತ 1908ರಲ್ಲಿ ಇಕೆಡಾ ಅನ್ನುವ ವಿಜ್ಞಾನಿ ಹುಡುಕಿ, ಗ್ಲುಟಮೇಟ್ ಕಾರಣ ಅಂತ ಹೇಳಿದ. ಅಡಿಗೆಯವರಿಗೆ ಅದು ಮೊದಲೇ ನಾಲಿಗೆಗೆ ಗೊತ್ತಿತ್ತು.

ಕನ್ನಡದಲ್ಲಿ ಏನಿದೆ? ನಮ್ಮ ಪುಣ್ಯ, ಕಲ್ಲಿನಲ್ಲಿ ಬರೆಯದಿದ್ದದ್ದನ್ನು ಓಲೆಯಲ್ಲಿ ಬರೆದವರು ಇದ್ದಾರೆ. 1025ರಲ್ಲಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡಿಗೆಯ ಭಾಗ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ ಇಡ್ಲಿ ಮಾಡುವುದು ಅದರಲ್ಲಿದೆ. ಅಕ್ಕಿ ಇಲ್ಲದ ಇಡ್ಲಿ! ಆಮೇಲೆ 1508ರ ಸುಮಾರಿಗೆ ಕಲ್ಲಹಳ್ಳಿಯ ಮಂಗರಸ ಸೂಪಶಾಸ್ತ್ರ ಬರೆದ. ಪೂರ್ತಿ ಪದ್ಯದಲ್ಲಿ ಅಡಿಗೆ ಪುಸ್ತಕ. ಮಂಗರಸ ಜೈನ, ಪುಸ್ತಕದಲ್ಲಿ ಮಾಂಸ ಇಲ್ಲವೇ ಇಲ್ಲ. ಬದನೆ, ಬಾಳೆ, ಹಲಸು, ಕಳಲೆ, ಒಂದೊಂದರಲ್ಲೂ ಏನೇನು ಮಾಡಬಹುದು ಅಂತ ಬರೆಯುತ್ತಾ ಹೋಗುತ್ತಾನೆ. ಗಿರ್ನಾರಿನ ಶಾಸನದಲ್ಲೂ ಪ್ರಾಣಿ ಕೊಲ್ಲುತ್ತಿದ್ದದ್ದು 'ಸೂಪ'ಕ್ಕೆ, ಅಂದರೆ ಸಾರಿಗೆ, ಅಂತ ಇದೆ. ಅದೇ ಶಬ್ದ. ಸಾವಿರದ ಏಳುನೂರು ವರ್ಷ ಬಿಟ್ಟು, ಮಾಂಸ ಹಾಕದೆಯೂ ಸೂಪ ಆಗುತ್ತದೆ ನೋಡಿ ಅಂತ ಮಂಗರಸ ಉತ್ತರ ಕೊಟ್ಟ ಹಾಗಿದೆ. ಇದು ನಾನು ಜೋಡಿಸಿಕೊಂಡದ್ದು, ಪಂಡಿತರು ಬೈಯಬಾರದು.

1508 ಅಂದರೆ ಪೋರ್ಚುಗೀಸರು ಗೋವಾ ಹಿಡಿಯುವುದಕ್ಕೆ ಎರಡು ವರ್ಷ ಮೊದಲು. ಮೆಣಸಿನಕಾಯಿ, ಬಟಾಟೆ, ಟೊಮೆಟೊ, ಗೇರುಬೀಜ, ಪಪ್ಪಾಯಿ ಎಲ್ಲ ಅಮೆರಿಕ ಖಂಡದ್ದು, ಆಮೇಲೆ ಬಂದವು. ಅಲ್ಲಿಯವರೆಗೆ ಖಾರ ಅಂದರೆ ಕಾಳುಮೆಣಸು. ಅದನ್ನು ಮಾರಿಯೇ ಗೇರುಸೊಪ್ಪೆಯ ಚೆನ್ನಭೈರಾದೇವಿ ಪೋರ್ಚುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ ಆದಳು. ಅವಳೂ ಜೈನಳು. ನಮ್ಮದು ಶುದ್ಧ ಪುರಾತನ ಅಡಿಗೆ ಅನ್ನುವವರು ಒಗ್ಗರಣೆಯ ಒಣಮೆಣಸನ್ನು ಒಮ್ಮೆ ನೋಡಿಕೊಳ್ಳಬೇಕು.

ಬಿಡುವುದರಲ್ಲೂ ಎಷ್ಟು ಬಗೆ ನೋಡಿ. ಇಲ್ಲೇ ಸಿರ್ಸಿ ಹತ್ತಿರದ ಸೋಂದಾಕ್ಕೆ ಹೋದರೆ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಹತ್ತಿರ ಹತ್ತಿರ. ಮೂರರಲ್ಲೂ ಮಾಂಸ ಇಲ್ಲ. ಆದರೆ ಒಂದು ಕಡೆ ಬೇಡವಾದದ್ದು ಇನ್ನೊಂದು ಕಡೆ ಬೇಕು. ಜೈನರಲ್ಲಿ ಕಟ್ಟುನಿಟ್ಟಿನವರು ಗಡ್ಡೆ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಾಧ್ವರ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ಅಂದರೆ ತರಕಾರಿಯೇ ಇಲ್ಲ. ಆಮೇಲೆ ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಗೆ ಬೇಳೆ ಇಲ್ಲ. ತರಕಾರಿ ಇಲ್ಲದ ಸಸ್ಯಾಹಾರ! ಹುಣಸೆಯೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಹುಳಿಗೆ ಮಾವು. ಇಷ್ಟರಲ್ಲೇ ತಿಂಗಳು ದಾಟಿಸುತ್ತಾರಲ್ಲ ಆ ಅಡಿಗೆ ಭಟ್ಟರು, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ನಾನು ಮೊದಲು ಸಿರ್ಸಿಯಲ್ಲಿ ಕಂಡದ್ದು ಜೂನ್ ತಿಂಗಳ ಅಡಿಗೆ. ಮಳೆ ಹೊಡೆಯುತ್ತಿತ್ತು. ಹಿತ್ತಲಲ್ಲಿ ಒಂದು ತರಕಾರಿ ಇಲ್ಲ, ಎಲ್ಲ ಕೊಳೆತಿತ್ತು. ಆದರೆ ಬೀಗದ ಕೈ ಕೊಟ್ಟ ಆ ಅಮ್ಮನ ಮನೆಯಲ್ಲಿ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿ, ಭರಣಿಯಲ್ಲಿ ಉಪ್ಪು ನೀರಿಗೆ ಹಾಕಿದ ಹಲಸಿನ ಸೊಳೆ, ಒಣಗಿಸಿದ ವಾಟೆ, ಮುರುಗಲು ಸಿಪ್ಪೆ, ಅಪ್ಪೆಮಿಡಿ. ಅದೇ ಹೊತ್ತಿಗೆ ಕೆಳಗೆ ಕಾರವಾರದಲ್ಲಿ ಆಯಿ, ಅಂದರೆ ನನ್ನ ತಾಯಿ, ಒಣಮೀನಿನ ಡಬ್ಬಿ ತೆಗೆಯುತ್ತಿದ್ದಳು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ ಅಲ್ವಾ, ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವೇ ಇದೆ. ಘಟ್ಟದ ಮೇಲೆ, ಕೆಳಗೆ, ಎರಡೂ ಮನೆಯಲ್ಲಿ ಒಂದೇ ಚಿಂತೆ, ಭರಣಿಯಲ್ಲಿ ಇರುವುದು ಮಾತ್ರ ಬೇರೆ.

ಮೊದಲು ಕಲಿತದ್ದು ತಂಬುಳಿ. ಒಂದೆಲಗವನ್ನು ಮಣ್ಣು ಹೋಗುವ ಹಾಗೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಸಿಡಿಸಿ, ಎಲೆ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸುವುದು. ಅಷ್ಟೇ. ನನಗೆ ಅಷ್ಟೇ ಅಂತ ನಂಬಿಕೆ ಬರಲಿಲ್ಲ. ಕಾರವಾರದ ಕೈ, ಸಾರು ಅಂದ ಮೇಲೆ ಕುದಿಯಬೇಕು. ಒಲೆ ಮೇಲೆ ಇಟ್ಟೆ. ಹಸಿರು ನೀರು ಒಂದು ಕಡೆ, ಬಿಳಿ ಗಟ್ಟಿ ಒಂದು ಕಡೆ. ಅಮ್ಮ ಬಗ್ಗಿ ನೋಡಿ, "ಎಂತದೇ ತಂಗಿ, ತಂಬ್ಳಿ ಕುದ್ಸಿದ್ಯನೇ! ಮಜ್ಜಿಗೆ ಒಡ್ದೋತಲೇ" ಅಂದು ನಕ್ಕದ್ದು ಪಕ್ಕದ ಮನೆಗೂ ಕೇಳಿತ್ತು.

ಆಮೇಲೆ ದೊಡ್ಡಪತ್ರೆ, ಬಿಲ್ವಪತ್ರೆ, ದಾಳಿಂಬೆ ಸಿಪ್ಪೆ, ಮಾವಿನ ಓಟೆ, ಒಣಗಿಸಿಟ್ಟ ಕೊಡಸಿಗೆ ಹೂವು, ಎಲ್ಲದರ ತಂಬುಳಿ ಉಂಡೆ. ಬೇರೆಯವರು ಬಿಸಾಡುವ ಸಿಪ್ಪೆ, ಓಟೆ. ಮಂಗರಸನ ಹಾಗೆ ಪದ್ಯ ಬರೆಯದಿದ್ದರೂ ಇಲ್ಲಿನ ಹೆಂಗಸರು ಮಾಡಿದ್ದು ಅದೇ ಕೆಲಸ.

ಇದನ್ನೆಲ್ಲ ಹೊಗಳುತ್ತಾ ಒಂದು ಮಾತು ಮರೆಯಬಾರದು. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 79 ಜನ ಮೀನೋ ಮಾಂಸವೋ ಮೊಟ್ಟೆಯೋ ತಿನ್ನುವವರು. ಅವರ ಮನೆಯಲ್ಲೂ ವಾರದ ಹೆಚ್ಚು ದಿನ ಒಲೆ ಮೇಲೆ ಇರುವುದು ಸೊಪ್ಪು, ಕಾಳು, ಬೇಳೆಯೇ. ಅದನ್ನು ಯಾರೂ ಸಸ್ಯಾಹಾರದ ಚರಿತ್ರೆಗೆ ಸೇರಿಸುವುದಿಲ್ಲ. ನಮ್ಮ ಆಯಿ ಸೋಮವಾರ ಮಾಡುತ್ತಿದ್ದ ದಾಳಿತೋಯ, ಅಂದರೆ ಬೇಳೆ ಸಾರು, ಯಾವ ಮಠದ ಅಡಿಗೆಗೂ ಕಡಿಮೆ ಇರಲಿಲ್ಲ. ಜೊತೆಗೆ ನೀರಫಣಸದ ಫೋಡಿ. ನೀವು ದೀವಿಹಲಸು ಅನ್ನುತ್ತೀರಲ್ಲ, ಅದು. ತೆಳ್ಳಗೆ ಹೆಚ್ಚಿ, ಮೆಣಸಿನಪುಡಿ, ಅರಿಶಿನ, ಇಂಗು, ಉಪ್ಪು ಸವರಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿಯುವುದು. ಮೀನು ಹುರಿಯುವ ಕ್ರಮವೇ, ಇಂಗೊಂದು ಬೇರೆ.

ಆಯಿ ಮೊದಲ ಸಲ ಸಿರ್ಸಿಗೆ ಬಂದಾಗ ಚೀಲದಲ್ಲಿ ಎರಡು ನೀರಫಣಸ ತಂದಿದ್ದಳು. ಹೊಸ ಕಾವಲಿಯನ್ನೂ ತಂದಿದ್ದಳು, ಅಮ್ಮನ ಮನೆಯಲ್ಲಿ ಮೀನಿನ ಕಾವಲಿ ಇಡಬಾರದಲ್ಲ ಅಂತ. ಫೋಡಿ ಹುರಿದು ಅಮ್ಮನಿಗೂ ಬಡಿಸಿದಳು. ಅಮ್ಮ ಒಂದು ತಿಂದರು. ಇನ್ನೊಂದು ತಿಂದರು. ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೀನೂ ಹಿಂಗೇ ಇರ್ತನೇ ತಂಗಿ?"

ಸುಮಾರು ಹೀಗೇ ಅಂದೆ. ಮತ್ತೆರಡು ಹಾಕಿಸಿಕೊಂಡರು.