ಹೊಗೆ ನೋಡಿ ಪೆಟ್ರೋಲ್ ಅಳೆಯುವ ಕಂಪ್ಯೂಟರ್

ಕೇಳುಗರೇ, ನಮಸ್ಕಾರ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾದರೆ ಮಿಶ್ರಣ ರಿಚ್, ಜಾಸ್ತಿಯಾದರೆ ಲೀನ್.

ಒಳಗೆ ಎಷ್ಟು ಗಾಳಿ ಹೋಯಿತು ಎಂದು ಒಂದು ಸೆನ್ಸರ್ ಹೇಳುತ್ತದೆ. ಅದನ್ನು ನೋಡಿ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಕೆಲವೇ ಮಿಲಿಸೆಕೆಂಡು ತೆರೆದು ಮುಚ್ಚುತ್ತದೆ. ಆದರೆ ಇದು ಬರೀ ಅಂದಾಜು. ಸರಿಯಿತ್ತೋ ಇಲ್ಲವೋ ಗೊತ್ತಾಗುವುದು ಉರಿದು ಹೊರಬಂದ ಹೊಗೆಯಲ್ಲಿ. ಅದಕ್ಕೇ ಎಕ್ಸಾಸ್ಟ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂರಿಸಿರುತ್ತಾರೆ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಂತು.

ಜಿರ್ಕೋನಿಯಾ ಎಂಬ ಸೆರಾಮಿಕ್‌ನಿಂದ ಮಾಡಿದ ಸಾಮಾನ್ಯ ಸೆನ್ಸರನ್ನೇ ತೆಗೆದುಕೊಳ್ಳಿ. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ ಅದು ಕೊಡುವುದು 0.1 ವೋಲ್ಟ್ ಆಸುಪಾಸು. ಉಳಿದಿಲ್ಲವೆಂದರೆ 0.9. ನಡುವಿನ 0.45 ಗಡಿ. ವೋಲ್ಟ್ ಇಳಿಯಿತಾ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಏರಿತಾ, ತಗ್ಗಿಸುತ್ತದೆ. ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರ್ ಹಾಕಿ ನೋಡಿದರೆ ಈ ವೋಲ್ಟಿನ ಗೆರೆ ಒಂದು ಕಡೆ ಸುಮ್ನೆ ನಿಲ್ಲುವುದೇ ಇಲ್ಲ, ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಗಾಬರಿ ಬೇಡ. ಕುಣಿಯದೆ ನಿಂತರೇ ಚಿಂತೆ ಮಾಡಬೇಕು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಈ ಏರಿಳಿತ ಬೇಕು. ಲೀನ್ ಇದ್ದಾಗ ಅದು ಆಕ್ಸಿಜನ್ ಕೂಡಿಟ್ಟುಕೊಳ್ಳುತ್ತದೆ, ರಿಚ್ ಆದಾಗ ಖರ್ಚು ಮಾಡುತ್ತದೆ. ಅಂದಹಾಗೆ, ಸೆನ್ಸರ್ 300 ಡಿಗ್ರಿಯಷ್ಟು ಬಿಸಿಯಾಗುವವರೆಗೆ ಅದರ ಮಾತನ್ನು ಯಾರೂ ಕೇಳುವುದಿಲ್ಲ. ಬೇಗ ಕಾಯಲಿ ಎಂದು ಒಳಗೇ ಹೀಟರ್ ಇಟ್ಟಿರುತ್ತಾರೆ.

ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿರಲಿ. ಈ ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಕ್ಸಿಜನ್ ಮಾತ್ರ ಗೊತ್ತು. ಒಂದು ಪ್ಲಗ್ ಕಿಡಿ ಹಾರಿಸಲಿಲ್ಲ ಅನ್ನಿ. ಆ ಸಿಲಿಂಡರಿನ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೇ ಹೊರಬರುತ್ತವೆ. ಸೆನ್ಸರ್ ಆಕ್ಸಿಜನ್ ಕಂಡು "ಲೀನ್" ಎನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ! ಸೆನ್ಸರ್ ಸುಳ್ಳು ಹೇಳಿಲ್ಲ, ಅಲ್ವಾ? ಆದರೂ ಮೊದಲು ಬದಲಾಯಿಸುವುದು ಅದನ್ನೇ.

ಮಿಶ್ರಣ ಲೀನ್ ಎಂದು ಕಂಪ್ಯೂಟರ್ ಸೂಚಿಸುವ ದೋಷದ ಕೋಡ್ ಪಿ0171 ಬಂದಾಗಲೂ ಇದೇ ಕಥೆ. ಹೊಸ ಸೆನ್ಸರ್ ತರುವ ಮೊದಲು ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ನೋಡಿ. ಕಂಪ್ಯೂಟರ್ ತನ್ನ ಅಂದಾಜಿಗಿಂತ ಶೇಕಡಾ ಎಷ್ಟು ಪೆಟ್ರೋಲ್ ಕೂಡಿಸಿದೆ, ಎಷ್ಟು ಕಳೆದಿದೆ ಎಂಬ ಲೆಕ್ಕ ಅದು. ಐಡಲ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು, ರೇಸ್ ಮಾಡಿದಾಗ ಇಳಿದರೆ, ಗಾಳಿ ಒಳಹೋಗುವ ಇಂಟೇಕ್ ಕಡೆ ಎಲ್ಲೋ ಸೋರಿ ಗಾಳಿ ಎಳೆಯುತ್ತಿರುವ ಸಾಧ್ಯತೆ ಹೆಚ್ಚು. ರಬ್ಬರ್ ಪೈಪುಗಳಲ್ಲಿ ಸೋರಿಕೆ ಹುಡುಕಿ. ರೇಸ್ ಮಾಡಿದಷ್ಟೂ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ಹೋಗಿ.

ನಮಸ್ಕಾರ.